ಊರ ಸುದ್ದಿಗೆ ಊರಲ್ಲೇ ನಿರ್ಬಂಧವೇಕೆ?

ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧ. ಬಾನುಲಿಯ ಚರಿತ್ರೆಯಲ್ಲಿಯೂ ಈ ಊರಿಗೊಂದು ಸ್ಥಾನವಿದೆ. 2000ದ ದಶಕದ ಆರಂಭದಲ್ಲಿ ಇಲ್ಲಿನ ಸ್ವಸಹಾಯ ಸಂಘಗಳ ಮಹಿಳೆಯರು ಮತ್ತು ಯುವಜನರು ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ ತಮ್ಮೂರಿಗಾಗಿ ಕಾರ್ಯಕ್ರಮಗಳನ್ನು ರೂಪಿಸತೊಡಗಿದರು. ಅವನ್ನು ಬಾನುಲಿಯಲ್ಲಿ ಬಿತ್ತರಿಸಲು ಅಂದು ಅನುಮತಿ ದೊರೆಯುವಂತಿರಲಿಲ್ಲ. ಆದ್ದರಿಂದ ಟಿ.ವಿ. ಕೇಬಲ್ಲಿನ ಮೂಲಕ ಆ ಧ್ವನಿಯನ್ನು ಮನೆಮನೆಗೆ ತಲುಪಿಸಬೇಕಾಯಿತು.

ತರಂಗಾಂತರಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಸಾರಿತ್ತು. ಆದರೂ 2002ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಸ್ವಯಂಸೇವಾ ಸಂಸ್ಥೆಗಳು 2006ರ ನವೆಂಬರ್‌ವರೆಗೆ ಕಾಯಬೇಕಾಯಿತು. ಮಾರ್ಗಸೂಚಿಗಳು 2024ರಲ್ಲಿ ಮತ್ತೆ ಪರಿಷ್ಕೃತಗೊಂಡು, ಜಾಹೀರಾತಿಗೆ ಗಂಟೆಗೆ 12 ನಿಮಿಷಗಳ ಅವಕಾಶ ದೊರೆಯಿತು. ಆದರೆ ಸ್ವಂತ ಸುದ್ದಿ ಪ್ರಸಾರದ ಮೇಲಿನ ನಿಷೇಧ ಸಡಿಲಲಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷೆಯ ಮಾಹಿತಿಯನ್ನೂ ತಿಳಿಸಬಹುದು. ಗ್ರಾಮ ಪಂಚಾಯಿತಿಯ ಕಾಮಗಾರಿಯ ಹಣ ಎಲ್ಲಿ ಹೋಯಿತೆಂಬ ವರದಿಗೆ ಮಾತ್ರ ಅಲ್ಲಿ ಎಡೆಯಿಲ್ಲ.

ನಿಯಂತ್ರಣವೇ ಬೇಡವೆಂದು ವಾದಿಸುವುದು ಸರಿಯಲ್ಲ. ತರಂಗಾಂತರ ಸೀಮಿತ ಸಂಪನ್ಮೂಲ. ಒಂದು ಕೇಂದ್ರದ ಪ್ರಸಾರ ಮತ್ತೊಂದಕ್ಕೆ ಅಡ್ಡಿಯಾಗದಂತೆ ಹಂಚುವುದು ಸರ್ಕಾರದ ಕರ್ತವ್ಯ. ಆದರೆ ಅರ್ಥಶಾಸ್ತ್ರದ ಈ ತರ್ಕ ಅನ್ವಯಿಸುವುದು ಅಲೆಗೇ ಹೊರತು ಅಲೆಯ ಮೇಲೆ ಸಾಗುವ ಮಾತಿಗಲ್ಲ. ಸಾಮಾನ್ಯವಾಗಿ 100 ವಾಟ್ ಪ್ರಸರಣ ಶಕ್ತಿಯ ಮಿತಿಯೊಳಗೆ, ಸುತ್ತಲಿನ ಕೆಲವೇ ಹಳ್ಳಿಗಳನ್ನು ಮುಟ್ಟುವ ಕೇಂದ್ರದಿಂದ ಯಾವ ಗಂಡಾಂತರ? ಅದೇ ಹಳ್ಳಿಯ ಮೊಬೈಲುಗಳಲ್ಲಿ ಯಾರ ಹೊಣೆಯೂ ಇಲ್ಲದ ವದಂತಿಗಳು ಎಗ್ಗಿಲ್ಲದೆ ಹರಿದಾಡುತ್ತಿವೆ. ಬಾನುಲಿ ಕೇಂದ್ರಕ್ಕಾದರೋ ಪರವಾನಗಿಯುಂಟು, ವಿಳಾಸವುಂಟು. ಪ್ರಸಾರವಾದ ಕಾರ್ಯಕ್ರಮಗಳ ಧ್ವನಿಮುದ್ರಿಕೆಯನ್ನು 3 ತಿಂಗಳು ಕಾಪಿಡಬೇಕೆಂಬ ನಿಯಮವನ್ನು 2006ರ ಮಾರ್ಗಸೂಚಿಯಲ್ಲಿಯೇ ವಿಧಿಸಲಾಗಿತ್ತು. ತಪ್ಪಾದರೆ ಹೊಣೆಗಾರರನ್ನು ಗುರುತಿಸಲು ಇಷ್ಟು ಸಾಲದೇ?

ದುರುಪಯೋಗವಾದೀತೆಂಬ ಶಂಕೆ ಆಡಳಿತಕ್ಕೆ ಸಹಜ. ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಕಳೆದವನಿಗೆ ಆ ಶಂಕೆಯ ಪರಿಚಯ ಚೆನ್ನಾಗಿಯೇ ಇದೆ. ಆದರೆ ಶಂಕೆಗೆ ಮದ್ದು ಸಾರಾಸಗಟು ನಿಷೇಧವಲ್ಲ. ಮೊದಲಿಗೆ ಕೇಂದ್ರದ ವ್ಯಾಪ್ತಿಯೊಳಗಿನ ಪಂಚಾಯಿತಿ, ಪಡಿತರ, ಶಾಲೆ, ಆಸ್ಪತ್ರೆಗಳ ಸುದ್ದಿಗೆ ಅವಕಾಶ ನೀಡಲಿ. ಆಕ್ಷೇಪಗಳನ್ನು ಕಾಲಮಿತಿಯಲ್ಲಿ ವಿಚಾರಿಸುವ ಸ್ವತಂತ್ರ ಸಮಿತಿಯಿರಲಿ. ಸ್ಥಳೀಯ ಸ್ವಯಮಾಡಳಿತಕ್ಕೆ 73ನೇ ತಿದ್ದುಪಡಿಯ ಮೂಲಕ ಸಂವಿಧಾನದ ಮಾನ್ಯತೆ ನೀಡಿದ ದೇಶವಿದು. ಪಂಚಾಯಿತಿಯನ್ನು ಚುನಾಯಿಸುವ ವಿವೇಕ ಗ್ರಾಮಸ್ಥರಿಗಿದೆಯೆಂದ ಮೇಲೆ, ಅದರ ಸುದ್ದಿಯನ್ನು ಕೇಳಿ ತೂಗಿನೋಡುವ ವಿವೇಕವೂ ಅವರಿಗಿದೆಯೆಂದು ಒಪ್ಪಲೇಬೇಕು.