ಶಾಸ್ತ್ರವನ್ನು ಬರೆದ ಕೈ

ಪಾಲುದಾರಿಕೆಯ ಹೋಟೆಲಿನಲ್ಲಿ ಒಬ್ಬನೇ ಲೆಕ್ಕದ ಪುಸ್ತಕವನ್ನು ಬರೆಯುತ್ತ, ಮತ್ತೊಬ್ಬನಿಗೆ ಅದನ್ನು ತೆರೆದು ನೋಡುವ ಅಧಿಕಾರವೂ ಇಲ್ಲವೆಂದರೆ, ವರ್ಷಾಂತ್ಯದಲ್ಲಿ ಯಾರ ಪಾಲು ಸೊರಗಿರುವುದೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಸ್ತ್ರೀಯರ ವಿಷಯದಲ್ಲಿ ಧರ್ಮಗ್ರಂಥಗಳ ಕಥೆಯೂ ಬಹುಮಟ್ಟಿಗೆ ಇಂತಹುದೇ. ದೈವಪ್ರೇರಣೆಯನ್ನು ನಂಬುವವರು ನಂಬಲಿ. ಆದರೆ ಅವನ್ನು ಬರೆದ, ಪ್ರತಿಮಾಡಿದ, ಅರ್ಥ ಹೇಳಿದ ಕೈಗಳು ಮನುಷ್ಯರವು. ಅದರಲ್ಲಿಯೂ ಹೆಚ್ಚಾಗಿ ಗಂಡಸರವು.

ಋಗ್ವೇದದ ಸೂಕ್ತದ್ರಷ್ಟಾರರಲ್ಲಿ ಘೋಷಾ, ಅಪಾಲಾ, ಲೋಪಾಮುದ್ರೆಯರ ಹೆಸರುಗಳಿವೆ. ಆದರೂ ಅದೇ ವೇದವನ್ನು ಹೆಣ್ಣು ಓದಕೂಡದೆಂದು ಮುಂದಿನ ಶಾಸ್ತ್ರಕಾರರು ವಿಧಿಸಿದರು. ಮನುಸ್ಮೃತಿಯಂತೂ ಒಂದೆಡೆ ಸ್ತ್ರೀಯನ್ನು ಗೌರವಿಸಬೇಕೆಂದು ಸಾರಿ, ಇನ್ನೊಂದೆಡೆ ಆಕೆ ಸ್ವಾತಂತ್ರ್ಯಕ್ಕೆ ಅರ್ಹಳಲ್ಲವೆನ್ನುತ್ತದೆ.

ಈ ಲೆಕ್ಕವನ್ನು ತೆರೆದು ನೋಡಿದ ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದುದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯ ಪಂಡಿತಸಭೆಯ ಮುಂದೆ ಸಮಾಧಾನ ಹೇಳಬೇಕಾಯಿತು. ಆ ತಾಯಿಯಿಂದಲೇ ಮಗಳು ಸಂಸ್ಕೃತ ಕಲಿತರು. ಅಂತಹ ತಂದೆಯೂ ವೇದವನ್ನು ಮಾತ್ರ ಹೇಳಿಕೊಡಲಿಲ್ಲ! 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. ಧರ್ಮಶಾಸ್ತ್ರಗಳನ್ನು ಸ್ವತಃ ಓದಿದಾಗ ಆಕೆ ಕಂಡುದೇನು? ಬೇರೆ ವಿಷಯಗಳಲ್ಲಿ ಪರಸ್ಪರ ಜಗಳವಾಡುವ ಗ್ರಂಥಗಳು ಹೆಣ್ಣನ್ನು ಹೀನಳೆನ್ನುವುದರಲ್ಲಿ ಮಾತ್ರ ಒಂದಾಗಿದ್ದವು.

1883ರಲ್ಲಿ ಇಂಗ್ಲೆಂಡಿನಲ್ಲಿ ಆಕೆ ಕ್ರೈಸ್ತಮತವನ್ನು ಸ್ವೀಕರಿಸಿದರು. ಅಲ್ಲಿಯೂ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಪ್ರಸ್ತಾಪ ಬಂದೊಡನೆ ಬಿಷಪ್ಪರು ಆಕ್ಷೇಪಿಸಿದರು. ಗ್ರಂಥ ಬದಲಾಯಿತು, ಕಾವಲುಗಾರರು ಬದಲಾಗಲಿಲ್ಲ. ಆದುದರಿಂದಲೇ ಏನೋ, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಆಕೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ತಾವೇ ಮರಾಠಿಗೆ ತಂದರು. ಆಶ್ರಮದ ಮುದ್ರಣಾಲಯದಲ್ಲಿ ದುಡಿದವರೂ ಹೆಂಗಸರೇ. 1922ರಲ್ಲಿ ಆಕೆ ತೀರಿಕೊಂಡರು. ಗ್ರಂಥ ಪೂರ್ಣವಾಗಿ ಹೊರಬಂದುದು 1924ರಲ್ಲಿ.

ಆಕೆಯ ಮತಾಂತರವನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ಆಕೆ ಕೇಳಿದ ಪ್ರಶ್ನೆ ಎಲ್ಲ ಮತದವರಿಗೂ ಸಲ್ಲುತ್ತದೆ. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು 2005ರ ಕಾನೂನು ಹೇಳಿದ ಮೇಲೂ, ಊರಿನಿಂದ ಬರುವ ಪಾಲುಪಟ್ಟಿಯಲ್ಲಿ ತಂಗಿಯ ಹೆಸರಿಲ್ಲದಿರಬಹುದು. ವಿಧವೆಯಾದ ಅತ್ತಿಗೆಯನ್ನು ಮಂಗಳಕಾರ್ಯದಿಂದ ದೂರವಿಡಬಹುದು. 'ಶಾಸ್ತ್ರದಲ್ಲಿದೆ' ಎಂಬ ಉತ್ತರ ಬಂದರೆ, ವಾಚಕ ಬಂಧುಗಳೆ, ವಿನಯದಿಂದಲೇ ಕೇಳಿರಿ: ಬರೆದವರು ಯಾರು? ಬರೆಯುವಾಗ ಆಕೆಯನ್ನು ಕೇಳಿದ್ದರೇ?