ಚವಳಿಕಾಯಿ ಅಂಟಿನೊಳಗೆ ಕೀಮೋ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಕಡೆ ಹೊಲದ ತುಂಬ ಮೆಕ್ಕೆಜೋಳ, ಬದುವಿಗೊಂದು ಹುಣಸೆಮರ, ಸಂತೆಯಲ್ಲಿ ಚವಳಿಕಾಯಿ. ಜೋಳದ ಪಿಷ್ಟ, ಹುಣಸೆ ಬೀಜದ ಸರಿ, ಚವಳಿ ಬೀಜದ ಅಂಟು ಮೂರೂ ಸಕ್ಕರೆ ಕಣಗಳನ್ನು ಸರ ಪೋಣಿಸಿದಂಥ ಪಾಲಿಮರ್‌ಗಳೇ. ಕ್ಯಾನ್ಸರ್ ಔಷಧ ಹೊರಲು ಇಂಥವನ್ನು ಪಳಗಿಸುವ ಕೆಲಸ ನಮ್ಮ ಧಾರವಾಡದಲ್ಲೂ ನಡೆದಿದೆ. ಕರ್ನಾಟಕ ವಿಶ್ವವಿದ್ಯಾಲಯದ ತೇಜರಾಜ ಅಮ್ಮಿನಭಾವಿ ಮತ್ತು ಸಂಗಡಿಗರು ಸೀಗಡಿ, ಏಡಿಗಳ ಚಿಪ್ಪಿನಿಂದ ಬರುವ ಇಂಥದೇ ಸರ ಕೈಟೋಸಾನ್ ಕುರಿತು 2004ರಲ್ಲಿ ಬರೆದ ಸಮೀಕ್ಷೆಯನ್ನು ಈ ಕ್ಷೇತ್ರದವರು ಇಂದಿಗೂ ತೆರೆದು ನೋಡುತ್ತಾರೆ. ಆದರೆ ಇಂಥ ಸುದ್ದಿ ಕಟ್ಟೆಗೆ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

“ಸಕ್ಕರೆ ಜಾತಿಯದು ಕೊಟ್ಟರೆ ಗಡ್ಡೆಗೇ ಉಣಿಸಿದಂಗೆ.”

ಎಲ್ಲ ಸರವೂ ಒಂದೇ ಅಲ್ಲ. ಜೋಳದ ರೊಟ್ಟಿಯ ಪಿಷ್ಟವನ್ನು ನಮ್ಮ ಎಂಜಲೇ ಒಡೆಯಲು ಶುರುಮಾಡುತ್ತದೆ. ಚವಳಿ ಬೀಜದ ಅಂಟಿನ ಕೊಂಡಿ ಕಳಚುವ ಕಿಣ್ವ ನಮ್ಮ ಜಠರದಲ್ಲೂ ಇಲ್ಲ, ಸಣ್ಣ ಕರುಳಲ್ಲೂ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಹತ್ತಿರ ಇದೆ. ಉಪಾಯ ಇರುವುದೇ ಇಲ್ಲಿ. ದೊಡ್ಡ ಕರುಳಿನ ಕ್ಯಾನ್ಸರಿಗೆ ಬಳಸುವ 5-ಫ್ಲೂರೊಯುರಾಸಿಲ್ ಅನ್ನು ಈ ಅಂಟಿನಲ್ಲಿ ಸುತ್ತಿ ಮಾತ್ರೆ ಮಾಡಿದರೆ, ದಾರಿಯಲ್ಲಿ ಅಷ್ಟಾಗಿ ಸೋರದೆ ಬೇಕಾದ ಕಡೆ ಬಿಚ್ಚಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಮಾತ್ರೆಯಲ್ಲಿರುವ ಅಂಟಾದರೂ ಎಷ್ಟು, ಒಂದು ಚಿಟಿಕೆ. ಅದಕ್ಕೆ ಹೆದರಿ ರೋಗಿಯ ಅನ್ನ, ರೊಟ್ಟಿ ಬಿಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೀಮೋ ತಡೆದುಕೊಳ್ಳಲು ಮೈಯಲ್ಲಿ ಕಸುವು ಬೇಕು.

“ಹಂಗಾದ್ರೆ ಚವಳಿಕಾಯಿ ಪಲ್ಯ ತಿಂದ್ರೆ ಸಾಕಲ್ಲ?”

ಪಲ್ಯ ರುಚಿಯಾಗಿರುತ್ತದೆ, ಅಷ್ಟೇ. ಅಂಟು ಹೊರುವ ಚೀಲ. ಗಡ್ಡೆಯ ಮೇಲೆ ಕೆಲಸ ಮಾಡುವುದು ಒಳಗಿನ ಔಷಧ.

“ನೈಸರ್ಗಿಕ, ಅಡ್ಡಪರಿಣಾಮ ಇಲ್ಲ.”

ಡೆಕ್ಸ್‌ಟ್ರಾನ್ ಕೂಡ ನೈಸರ್ಗಿಕವೇ, ಸಕ್ಕರೆಯಿಂದ ಬ್ಯಾಕ್ಟೀರಿಯಾ ನೇಯ್ದ ಸರ. ಅದಕ್ಕೆ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ಜೋಡಿಸಿ ರೋಗಿಗಳಿಗೆ ಕೊಟ್ಟ ಆರಂಭಿಕ ಪರೀಕ್ಷೆಯ ವರದಿ 1993ರಲ್ಲಿ ಬಂತು. ಪೆಟ್ಟು ಬಿದ್ದದ್ದು ಯಕೃತ್ತಿಗೆ. ರಕ್ತ ಸೋಸುವ ಕೋಶಗಳು ಡೆಕ್ಸ್‌ಟ್ರಾನನ್ನು ಹಿಡಿದಿಟ್ಟುಕೊಂಡಾಗ ಅದು ಹೊತ್ತಿದ್ದ ಔಷಧವೂ ಅಲ್ಲೇ ಉಳಿದಿತ್ತು.

“ನೆಟ್ಟಗೆ ಗಡ್ಡೆಗೇ ಹೋಗುತ್ತದೆ.”

ಔಷಧ ಹೊರಲೆಂದು ರಕ್ತಕ್ಕೆ ಬಿಟ್ಟ ಅತಿ ಸಣ್ಣ ಕಣಗಳ, ಅಂದರೆ ನ್ಯಾನೊ ಕಣಗಳ ವಿಷಯದಲ್ಲಿ ಈ ಮಾತು ತೀರಾ ದೊಡ್ಡದು. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಗಡ್ಡೆ ತಲುಪಿದ್ದು ಕೊಟ್ಟ ಪ್ರಮಾಣದ ಶೇ 0.7ರ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳ ಪಾಲು.

“ಬೆಂಗಳೂರಲ್ಲಿ ಈಗಲೇ ಕೊಡ್ತಾರಂತೆ.”

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಬೇರೆಡೆಯೋ ಚೀಟಿಯಲ್ಲಿ ‘ನ್ಯಾನೊ’ ಎಂದು ಕಂಡರೆ, ಅದು ಹೆಚ್ಚಾಗಿ ಕೊಬ್ಬಿನ ಗುಳ್ಳೆಯೊಳಗಿನ ಡಾಕ್ಸೊರುಬಿಸಿನ್ ಅಥವಾ ಅಲ್ಬುಮಿನ್ ಪ್ರೋಟೀನಿಗೆ ಕಟ್ಟಿದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ. ಅಮೆರಿಕದಲ್ಲಿ ಮೊದಲನೆಯದಕ್ಕೆ 1995ರಲ್ಲಿ, ಎರಡನೆಯದಕ್ಕೆ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡರಲ್ಲೂ ಹೊರುವ ಚೀಲ ಸಕ್ಕರೆಯ ಸರದ್ದಲ್ಲ.