ನೋಟ ನೆಟ್ಟಲ್ಲಿ ನೋವು

ಶಿಕಾರಿಪುರ, ಸೊರಬದ ಸಾವಿನ ಮನೆಗಳಿಗೆ ಸಾಂತ್ವನ ಹೇಳಲು ಹೋದಾಗಲೆಲ್ಲ ನಾವು ಒಂದನ್ನು ಗಮನಿಸಿದ್ದೇವೆ. ಅಗಲಿದವರ ಮಾತು ಬಂದೊಡನೆ ದುಃಖಿತರ ಕಣ್ಣು ಗೋಡೆಯ ಮೂಲೆಯಲ್ಲೋ ಹಿತ್ತಲ ಬಾಗಿಲಲ್ಲೋ ನೆಟ್ಟು ನಿಲ್ಲುತ್ತದೆ.

ಈ ನೋಟವನ್ನೇ ಚಿಕಿತ್ಸೆಯ ದಾರಿಯಾಗಿಸಿದವರು ಅಮೆರಿಕದ ಡೇವಿಡ್ ಗ್ರ್ಯಾಂಡ್. 2003ರಲ್ಲಿ ಅವರು ಕಂಡುಕೊಂಡ 'ಬ್ರೇನ್‌ಸ್ಪಾಟಿಂಗ್' ಕ್ರಮದಲ್ಲಿ ಚಿಕಿತ್ಸಕರು ಕಡ್ಡಿಯೊಂದನ್ನು ಕಣ್ಣೆದುರು ನಿಧಾನವಾಗಿ ಸರಿಸುತ್ತಾರೆ. ಯಾವ ಬಿಂದುವಿನಲ್ಲಿ ರೆಪ್ಪೆ ಅದುರಿ, ಉಸಿರು ಬಿಗಿದು, ಒಡಲ ಸಂಕಟ ಹೆಚ್ಚುವುದೋ ಅಲ್ಲಿ ನೋಟ ನಿಲ್ಲಿಸಿ, ಒಳಗೆ ಏಳುವುದನ್ನು ತಡೆಯದೆ ಗಮನಿಸಲು ಹೇಳಿ ಜೊತೆಗಿರುತ್ತಾರೆ. ಮಾತು ಕಡಿಮೆ. ಇದರ ಹಿರಿಯ ಬಂಧು, ಫ್ರಾನ್ಸಿನ್ ಶಾಪಿರೊ 1987ರಲ್ಲಿ ಆರಂಭಿಸಿದ, ಕಣ್ಣನ್ನು ಅತ್ತಿತ್ತ ಚಲಿಸುವ 'ಇ.ಎಂ.ಡಿ.ಆರ್.', ಅದಕ್ಕೆ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ದೊರೆತಿದೆ. ಬ್ರೇನ್‌ಸ್ಪಾಟಿಂಗಿಗೆ ಅಷ್ಟು ಪುರಾವೆ ಇನ್ನೂ ಇಲ್ಲ. ಮಿದುಳಿನ ಕುರಿತ ಅದರ ವಿವರಣೆಯನ್ನು ನಾವು ಊಹೆಯೆಂದೇ ಎಣಿಸುತ್ತೇವೆ.

ಆದರೂ ಆತ್ಮಕ್ಕೂ ಶರೀರಕ್ಕೂ ನಡುವೆ ಗೋಡೆ ಕಟ್ಟದ ಸಂತ ಥಾಮಸ್ ಅಕ್ವಿನಾಸರಿಗೆ ಇದು ಅಚ್ಚರಿಯೆನಿಸುತ್ತಿರಲಿಲ್ಲ. ದುಃಖಕ್ಕೆ ಅವರು ಸೂಚಿಸಿದ ಮದ್ದುಗಳಲ್ಲಿ ಸತ್ಯದ ಧ್ಯಾನದೊಡನೆ ಕಣ್ಣೀರು, ಗೆಳೆಯರ ಅನುಕಂಪ, ನಿದ್ರೆ, ಸ್ನಾನಗಳೂ ಇವೆ! ಹೀಗಿರುವಾಗ, ವರ್ಷ ಕಳೆದರೂ ರಾತ್ರಿ ಬೆಚ್ಚಿ ಏಳುವ ವಿಧವೆಗೆ 'ನಿನ್ನ ವಿಶ್ವಾಸ ಸಾಲದು, ಜಪಮಾಲೆ ಹೆಚ್ಚಿಸು' ಎನ್ನುವುದು ಅನ್ಯಾಯ. ಆಕೆಗೆ ಬೇಕಾದುದು ಚಿಕಿತ್ಸೆ. ಜಪಮಾಲೆ ಅದರ ಜೊತೆಗೂ ಸಾಗಬಲ್ಲದು.

ಕಡ್ಡಿ ಹಿಡಿದು ಮನೆಯಲ್ಲೇ ಪ್ರಯೋಗಿಸತಕ್ಕ ಕ್ರಮ ಇದಲ್ಲ, ತರಬೇತಿ ಪಡೆದವರೇ ಬೇಕು. ಮೊದಲ ಹೆಜ್ಜೆಗೆ, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಇದೆ. 14416ಕ್ಕೆ ಹಗಲಿರುಳೆನ್ನದೆ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.